ಬೆನ್ನಚೀಲದ ವಿದೇಶ ಪ್ರವಾಸ ಮತ್ತು ಸಣ್ಣ ಉದ್ಯಮಿಯ ಲೆಕ್ಕ

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರವೇ. ಆದರೆ ಈ ಭಾಗದ ಶೆಡ್‌ಗಳಲ್ಲಿ ತಯಾರಾಗುವ ಸರಕಿಗೆ ಸಮುದ್ರದ ದಾರಿ ಹೊಸದಲ್ಲ. ಹತ್ತಿರದ ವೈಟ್‌ಫೀಲ್ಡ್‌ನಲ್ಲಿ ಕಂಟೈನರ್ ಕಾರ್ಪೊರೇಷನ್ನಿನ ಒಳನಾಡು ಕಂಟೈನರ್ ಡಿಪೋ ಇದೆ. ಅಲ್ಲಿಯೇ ಕಸ್ಟಮ್ಸ್ ತಪಾಸಣೆ ಮುಗಿಸಿದ ಕಂಟೈನರುಗಳು ರೈಲಿನಲ್ಲಿ ಚೆನ್ನೈ ತಲುಪಿ ಹಡಗೇರುತ್ತವೆ. ಭಾರತದ ಸರಕಿನ ದೊಡ್ಡ ಪಾಲು ಬಹುಕಾಲದಿಂದ ಕೊಲಂಬೊ, ಪೋರ್ಟ್ ಕ್ಲಾಂಗ್, ಸಿಂಗಪುರಗಳಲ್ಲಿ ಹಡಗು ಬದಲಿಸಿಯೇ ಮುಂದಿನ ದೇಶಗಳಿಗೆ ಸಾಗಿದೆ. ಸರಕು ನೋಡಿದ ಈ ಬಂದರುಗಳನ್ನು ಅದನ್ನು ತಯಾರಿಸಿದ ಯಜಮಾನರಲ್ಲಿ ಹೆಚ್ಚಿನವರು ಮಾತ್ರ ನೋಡಿಲ್ಲ.

ಲೋಕವೇ ಸಮೇತನಹಳ್ಳಿಗೆ ಬರುವುದುಂಟು. ಇಲ್ಲಿನ ಸೌಖ್ಯ ಆರೋಗ್ಯ ಕೇಂದ್ರಕ್ಕೆ 2024ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ದೊರೆ ಮೂರನೆಯ ಚಾರ್ಲ್ಸ್ ಮತ್ತು ರಾಣಿ ಕ್ಯಾಮಿಲ್ಲಾ ಬಂದು ತಂಗಿದ್ದು ಎಲ್ಲರಿಗೂ ತಿಳಿದಿರುವ ಸಂಗತಿ. ಆದರೆ ಇಲ್ಲಿಂದ ಹೊರಗೆ ಹೋಗುವವರ ಕಥೆ ಬೇರೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾದ ಮೇಲೆ ವಿದೇಶ ಪ್ರಯಾಣ ಸುಲಭವಾಯಿತು. ಅಂಗಡಿ ಬಿಟ್ಟು ಹೊರಡುವುದು ಮಾತ್ರ ಸುಲಭವಾಗಲಿಲ್ಲ. ಹೋದರೂ ಐದು ದಿನಗಳ ಪ್ಯಾಕೇಜ್ ಪ್ರವಾಸ. ಬಸ್ಸಿನ ಕಿಟಕಿಯಿಂದ ನೋಡಿದ್ದೇ ದೇಶ, ಹೋಟೆಲಿನವರು ಬಡಿಸಿದ್ದೇ ಊಟ.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಪ್ರಯಾಣದ ಮಾತು ವ್ಯಾಪಾರಿ ವಲಯದಲ್ಲಿಯೂ ಕೇಳಿಬರುತ್ತಿದೆ. ಮೂರು ನಾಲ್ಕು ಮಂದಿ ಸ್ನೇಹಿತರು ಬೆನ್ನಿಗೊಂದು ಚೀಲ ಹಾಕಿಕೊಂಡು, ಅಗ್ಗದ ವಸತಿಗಳಲ್ಲಿ ತಂಗುತ್ತ, ರೈಲು ಬಸ್ಸುಗಳಲ್ಲಿ ಒಂದು ಕಡಲತೀರದ ನಗರದಿಂದ ಮತ್ತೊಂದಕ್ಕೆ ಸಾಗುವ ಒಂದೂವರೆ ತಿಂಗಳ ಪ್ರವಾಸ. ಇದು ಕಾಲೇಜು ಹುಡುಗರ ಹುಚ್ಚು ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಸಣ್ಣ ಉದ್ಯಮಿಗೆ ಇಂತಹ ಪ್ರವಾಸ ಎರಡು ರೀತಿಯಲ್ಲಿ ಉಪಯುಕ್ತ. ಹೊರಗಿನ ಲೋಕವನ್ನು ಕಣ್ಣಾರೆ ಕಾಣುವುದು ಒಂದು; ತನ್ನ ಸಂಸ್ಥೆ ತಾನಿಲ್ಲದೆ ನಡೆಯುತ್ತದೆಯೇ ಎಂದು ತಿಳಿಯುವುದು ಇನ್ನೊಂದು. ಈ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು.

ಸಂಸ್ಥಾಪಕರ ಮೇಲ್ಪಂಕ್ತಿ

ವಾಣಿಜ್ಯ ಸಂಸ್ಥೆಗಳ ಇತಿಹಾಸ ಬಲ್ಲವರಿಗೆ ಈ ವಿಚಾರ ಅಪರಿಚಿತವಲ್ಲ. ಇಂದು ಎಫ್‌ಕೆಸಿಸಿಐ ಎಂದು ಹೆಸರಾಗಿರುವ ಸಂಸ್ಥೆ 1916ರಲ್ಲಿ ಮೈಸೂರು ಚೇಂಬರ್ ಆಫ್ ಕಾಮರ್ಸ್ ಎಂದು ಆರಂಭವಾಗಲು ಕಾರಣರಾದ ಸರ್ ಎಂ. ವಿಶ್ವೇಶ್ವರಯ್ಯನವರು ಮಹಾ ಪ್ರವಾಸಿಗಳು. 1898ರಲ್ಲಿಯೇ ಅವರು ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆ ಮತ್ತು ಶಿಕ್ಷಣ ಪದ್ಧತಿಯನ್ನು ನೋಡಿ ಬಂದರು. ದಿವಾನಗಿರಿಯಿಂದ ನಿವೃತ್ತರಾದ ಮೇಲೆ 1919–20ರಲ್ಲಿ ಮತ್ತೆ ದೀರ್ಘ ವಿದೇಶ ಪ್ರವಾಸ ಕೈಗೊಂಡರು. ಅಖಿಲ ಭಾರತ ತಯಾರಕರ ಸಂಘವನ್ನು 1941ರಲ್ಲಿ ಕಟ್ಟಿದ ಅವರು 1946ರಲ್ಲಿ, ಎಂಬತ್ತರ ಗಡಿ ದಾಟಿದ ವಯಸ್ಸಿನಲ್ಲಿ, ಉದ್ಯಮಿಗಳ ನಿಯೋಗವನ್ನು ಅಮೆರಿಕ ಮತ್ತು ಯುರೋಪಿಗೆ ಕರೆದೊಯ್ದರು. ನೋಡಿ ಬರುವುದು ಕಾಲಹರಣವಲ್ಲ, ಅದು ಉದ್ಯಮದ ಬಂಡವಾಳವೆಂಬ ನಂಬಿಕೆ ಅವರದು.

ಆನಂತರದ ದಶಕಗಳಲ್ಲಿ ವಿದೇಶಿ ವಿನಿಮಯದ ಬಿಗಿ ನಿಯಂತ್ರಣವಿತ್ತು. 1973ರ ಫೆರಾ ಕಾಯ್ದೆಯ ಕಾಲದಲ್ಲಿ ಸ್ವಂತ ಖುಷಿಗಾಗಿ ವಿದೇಶ ಸುತ್ತುವುದು ಸಾಮಾನ್ಯ ವ್ಯಾಪಾರಿಯ ಕೈಗೆಟುಕುವ ಮಾತಾಗಿರಲಿಲ್ಲ. 2000ದ ಜೂನ್ 1ರಂದು ಫೆಮಾ ಕಾಯ್ದೆ ಜಾರಿಗೆ ಬಂದಿತು. 2004ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಎಲ್‌ಆರ್‌ಎಸ್ ಯೋಜನೆಯನ್ನು ವರ್ಷಕ್ಕೆ 25,000 ಡಾಲರುಗಳ ಮಿತಿಯೊಡನೆ ಆರಂಭಿಸಿತು. 2015ರಲ್ಲಿ ಆ ಮಿತಿ 2,50,000 ಡಾಲರಿಗೆ ಏರಿತು. ಕಾನೂನಿನ ಬಾಗಿಲು ತೆರೆದು ಎರಡು ದಶಕಗಳೇ ಕಳೆದಿವೆ. ಉಳಿದಿರುವುದು ಅಂಗಡಿಯ ಬಾಗಿಲು.

ನಾಲ್ವರು, ನಲವತ್ತು ದಿನ

ವಿಷಯ ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಸಮೇತನಹಳ್ಳಿಯಲ್ಲಿ ಲೇತ್ ಯಂತ್ರಗಳ ಶೆಡ್ ಇಟ್ಟಿರುವವರೊಬ್ಬರು, ದೊಡ್ಡಬಳ್ಳಾಪುರದ ಪವರ್‌ಲೂಮ್ ಮಾಲೀಕರೊಬ್ಬರು, ವಿಜಯಪುರದ ಹಣ್ಣಿನ ವ್ಯಾಪಾರಿಯೊಬ್ಬರು, ನೆಲಮಂಗಲದಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವವರೊಬ್ಬರು. ನಾಲ್ವರೂ ಒಂದೇ ಕಾಲೇಜಿನಲ್ಲಿ ಬಿ.ಕಾಂ. ಓದಿದ ಗೆಳೆಯರು ಎಂದಿಟ್ಟುಕೊಳ್ಳೋಣ. ತಮ್ಮ ಕಂಟೈನರು ಸಾಗುವ ದಾರಿಯಲ್ಲಿಯೇ ನಲವತ್ತು ದಿನ ಸುತ್ತಿ ಬರುವುದು ಅವರ ಯೋಜನೆ.

ಮೊದಲು ಮಲೇಷ್ಯಾ. ಭಾರತೀಯರಿಗೆ 2023ರ ಡಿಸೆಂಬರ್ 1ರಿಂದ 30 ದಿನಗಳವರೆಗೆ ವೀಸಾ ಇಲ್ಲದೆ ಪ್ರವೇಶ ನೀಡಿದ ಆ ದೇಶ, ಈ ಸೌಲಭ್ಯವನ್ನು 2026ರ ಅಂತ್ಯದವರೆಗೆ ವಿಸ್ತರಿಸಿತು. ಕೌಲಾಲಂಪುರದಿಂದ ಲೋಕಲ್ ರೈಲಿನಲ್ಲಿ ಪೋರ್ಟ್ ಕ್ಲಾಂಗ್ ನೋಡಿ, ಅಲ್ಲಿಂದ ಉತ್ತರಕ್ಕೆ ಬಟರ್‌ವರ್ತ್‌ವರೆಗೆ ರೈಲು, ಮುಂದೆ ಫೆರಿಯಲ್ಲಿ ಪಿನಾಂಗ್ ದ್ವೀಪದ ಜಾರ್ಜ್‌ಟೌನ್. ಅಲ್ಲಿನ ಚುಲಿಯಾ ಬೀದಿ ಬೆನ್ನಚೀಲದ ಪ್ರವಾಸಿಗರ ಹಳೆಯ ಬಿಡಾರ. ದಕ್ಷಿಣ ಭಾರತದಿಂದ ಹೋದ ವ್ಯಾಪಾರಿಗಳಿಂದಲೇ ಆ ಬೀದಿಗೆ ಆ ಹೆಸರು. ಒಂದೇ ಕೋಣೆಯಲ್ಲಿ ಎಂಟು ಹತ್ತು ಹಾಸಿಗೆಗಳಿರುವ ಹಾಸ್ಟೆಲುಗಳು, ರಾತ್ರಿಯೆಲ್ಲ ತೆರೆದಿರುವ ತಿಂಡಿ ಗಾಡಿಗಳು.

ಪ್ರವಾಸಿಗರು ಹಳೆಯ ಬೀದಿಗಳನ್ನು ನೋಡಿ ಹಿಂದಿರುಗಿದರೆ, ಲೇತ್ ಯಜಮಾನರು ದ್ವೀಪದ ಇನ್ನೊಂದು ತುದಿಯ ಬಯಾನ್ ಲೆಪಾಸ್‌ಗೂ ಹೋಗಬೇಕು. 1972ರಲ್ಲಿ ಅಲ್ಲಿ ಮುಕ್ತ ವ್ಯಾಪಾರ ವಲಯ ಆರಂಭವಾಯಿತು. ಅದೇ ವರ್ಷ ಇಂಟೆಲ್ ಕಂಪನಿ ಬಂದಿತು. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಸ್ಥಳೀಯ ಸಣ್ಣ ವರ್ಕ್‌ಶಾಪುಗಳು ನಿಖರತೆ ಮತ್ತು ಸಮಯಪಾಲನೆ ಕಲಿತು, ಕಾಲಕ್ರಮೇಣ ತಾವೇ ರಫ್ತುದಾರರಾದವು. ನರಸಾಪುರದಲ್ಲಿ, ದೇವನಹಳ್ಳಿಯ ಬಳಿಯಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಗಳು ತಲೆಯೆತ್ತಿರುವ ಈ ಹೊತ್ತಿನಲ್ಲಿ ಪಿನಾಂಗಿನ ಅರ್ಧ ಶತಮಾನದ ಅನುಭವ ಹೊಸಕೋಟೆಯ ಶೆಡ್ಡಿಗೆ ದೂರದ ಕಥೆಯಲ್ಲ.

ಅಲ್ಲಿಂದ ಬಸ್ಸಿನಲ್ಲಿ ಮಲಾಕಾ ಮಾರ್ಗವಾಗಿ ಸಿಂಗಪುರ. ಈ ದೇಶಕ್ಕೆ ಭಾರತೀಯರು ಮುಂಚಿತವಾಗಿ ವೀಸಾ ಪಡೆಯಬೇಕು. ಮೌಂಟ್ ಫೇಬರ್ ಗುಡ್ಡ ಹತ್ತಿ ನಿಂತರೆ ಬಂದರು ಕಣ್ಣಿಗೆ ಬೀಳುತ್ತದೆ. 20 ಅಡಿ ಪೆಟ್ಟಿಗೆಯ ಲೆಕ್ಕದಲ್ಲಿ 2024ರಲ್ಲಿ ಈ ಬಂದರು 4.1 ಕೋಟಿ ಕಂಟೈನರುಗಳನ್ನು ನಿರ್ವಹಿಸಿತು. ಇವುಗಳಲ್ಲಿ ಬಹುಪಾಲು ಸಿಂಗಪುರದವೂ ಅಲ್ಲ, ಸಿಂಗಪುರಕ್ಕೂ ಅಲ್ಲ. ಒಂದು ಹಡಗಿನಿಂದ ಇಳಿದು ಇನ್ನೊಂದನ್ನು ಏರುವಂಥವು. ಸ್ವಂತ ಸರಕಿಲ್ಲದ ದ್ವೀಪ ಇನ್ನೊಬ್ಬರ ಸರಕನ್ನು ಹೇಳಿದ ಹೊತ್ತಿಗೆ ಸಾಗಿಸಿಯೇ ಬದುಕು ಕಟ್ಟಿಕೊಂಡಿದೆ. 2025ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಕೇರಳದ ವಿಳಿಂಜಂ ಬಂದರು ಹಿಡಿದಿರುವುದೂ ಇದೇ ವ್ಯವಹಾರವನ್ನು.

ಕೊನೆಯ ಮೂರು ವಾರ ವಿಯೆಟ್ನಾಂ. 2023ರ ಆಗಸ್ಟ್‌ನಿಂದ ಅಲ್ಲಿನ ಇ-ವೀಸಾ 90 ದಿನಗಳವರೆಗೆ ದೊರೆಯುತ್ತದೆ. ಹೋ ಚಿ ಮಿನ್ ನಗರದಿಂದ ಹನಾಯ್‌ವರೆಗೆ 1,726 ಕಿಲೋಮೀಟರ್ ಉದ್ದದ ಒಂದೇ ರೈಲುಮಾರ್ಗ, ಅದೂ ಮೀಟರ್ ಗೇಜ್. ಬೆಂಗಳೂರು–ಮೈಸೂರಿನ ನಡುವೆ ಹಿಂದೆ ಓಡುತ್ತಿದ್ದ ಪುಟ್ಟ ರೈಲಿನ ನೆನಪಿರುವವರಿಗೆ ಆ ಓಲಾಟ ಪರಿಚಿತವೆನಿಸುತ್ತದೆ. ನ್ಯಾಟ್ರಾಂಗ್‌ನಲ್ಲಿ ಪೋ ನಗರ್ ಗೋಪುರಗಳು, ದನಾಂಗ್ ಸಮೀಪದ ಮಿ ಸನ್‌ನಲ್ಲಿ ಇಟ್ಟಿಗೆಯ ಶಿವಾಲಯಗಳು. ಇವು ಚಂಪಾ ಅರಸರು ಕಟ್ಟಿಸಿದವು. ಅವರ ಶಾಸನಗಳಲ್ಲಿ ಸಂಸ್ಕೃತವಿದೆ. ಭಾರತದ ಸಂಪರ್ಕ ಕಡಲ ದಾರಿಯಲ್ಲಿ ಆ ತೀರ ತಲುಪಿ ಸಾವಿರದೈನೂರು ವರ್ಷಗಳಿಗೂ ಮಿಕ್ಕಿದೆ.

ವ್ಯಾಪಾರಿಯ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಹೋಯಿ ಆನ್ ಪಟ್ಟಣ. ಒಂದು ಕಾಲಕ್ಕೆ ಜಪಾನ್, ಚೀನಾ, ಯುರೋಪಿನ ವರ್ತಕರು ನೆರೆಯುತ್ತಿದ್ದ ಬಂದರು ಇದು. ನದಿಯ ಮುಖದಲ್ಲಿ ಹೂಳು ತುಂಬಿತು, ಹಡಗುಗಳು ದನಾಂಗಿಗೆ ಹೋದವು. ನಮ್ಮ ಕರಾವಳಿಯ ಬಸರೂರು, ಬಾರಕೂರುಗಳೂ ಒಂದು ಕಾಲಕ್ಕೆ ಹೀಗೆಯೇ ಮೆರೆದು ವ್ಯಾಪಾರ ಕಳೆದುಕೊಂಡ ಪಟ್ಟಣಗಳೇ. ಆದರೆ ಹೋಯಿ ಆನ್ ಹಳೆಯ ಮನೆಗಳನ್ನು ಉಳಿಸಿಕೊಂಡು 1999ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ದರ್ಜಿಗಳ ಕೈಚಳಕವನ್ನೇ ಬಂಡವಾಳ ಮಾಡಿಕೊಂಡಿತು. ಬೆಳಿಗ್ಗೆ ಅಳತೆ ಕೊಟ್ಟ ಪ್ರವಾಸಿಗೆ ಮರುದಿನ ಉಡುಪು ಸಿದ್ಧ. ಗಜದ ಲೆಕ್ಕದಲ್ಲಿ ಬಟ್ಟೆ ಮಾರಿ, ಗಜದ ಲೆಕ್ಕದಲ್ಲಿಯೇ ಲಾಭ ಎಣಿಸುವ ದೊಡ್ಡಬಳ್ಳಾಪುರದ ಮಾಲೀಕರು ಆ ಅಂಗಡಿಗಳ ಮುಂದೆ ಒಂದು ಗಂಟೆ ನಿಂತರೆ, ಬಟ್ಟೆಗೂ ಉಡುಪಿಗೂ ನಡುವಿನ ಲಾಭ ಯಾರ ಕೈ ಸೇರುತ್ತದೆ ಎಂಬುದು ಯಾರೂ ಹೇಳದೆ ಅರ್ಥವಾಗುತ್ತದೆ.

ಹಣ ಯಾರ ಹೆಸರಿನಲ್ಲಿ?

ಪ್ರವಾಸದ ಲೆಕ್ಕಕ್ಕೆ ಬಂದರೆ, ಗೆಳೆಯರ ಗುಂಪುಗಳು ಮಾಡುವ ಮೊದಲ ತಪ್ಪು ಎಲ್ಲರ ಹಣವನ್ನೂ ಒಬ್ಬರ ಹೆಸರಿನಲ್ಲಿ ಕೊಳ್ಳುವುದು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ಪ್ರವಾಸಕ್ಕಾಗಿ ಎಲ್‌ಆರ್‌ಎಸ್ ಅಡಿ ಕೊಳ್ಳುವ ವಿದೇಶಿ ವಿನಿಮಯ ಒಬ್ಬ ವ್ಯಕ್ತಿಗೆ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದರೆ, ಮೀರಿದ ಭಾಗಕ್ಕೆ ಶೇ. 20ರಂತೆ ಟಿಸಿಎಸ್ ಬೀಳುತ್ತದೆ. ನಾಲ್ವರು ತಲಾ 3 ಲಕ್ಷ ರೂಪಾಯಿಯ ವಿನಿಮಯವನ್ನು ತಮ್ಮ ತಮ್ಮ ಪ್ಯಾನ್ ಸಂಖ್ಯೆಯಲ್ಲಿ ಕೊಂಡರೆ ಟಿಸಿಎಸ್ ಇಲ್ಲ. ಒಬ್ಬರೇ 12 ಲಕ್ಷಕ್ಕೆ ಕೊಂಡರೆ ಹೆಚ್ಚುವರಿ 2 ಲಕ್ಷದ ಮೇಲೆ 40,000 ರೂಪಾಯಿ ಕಡಿತವಾಗುತ್ತದೆ. ಇದು ನಷ್ಟವಲ್ಲ, ರಿಟರ್ನ್ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ. ಆದರೆ ಅಷ್ಟು ದಿನ ದುಡಿಯುವ ಬಂಡವಾಳ ಸರ್ಕಾರದ ಬಳಿ ಕುಳಿತಿರುತ್ತದೆ. ಪ್ಯಾಕೇಜ್ ಕೊಳ್ಳುವವರ ದರ ಬೇರೆ, ಅದನ್ನು ಶೇ. 2ಕ್ಕೆ ಇಳಿಸುವ ಪ್ರಸ್ತಾವ 2026ರ ಬಜೆಟ್‌ನಲ್ಲಿ ಬಂದಿತು. ಈ ದರಗಳು ಪದೇ ಪದೇ ಬದಲಾಗುವುದರಿಂದ ಹೊರಡುವ ವರ್ಷದ ನಿಯಮವನ್ನು ನೋಡಿಕೊಳ್ಳುವುದು ಅಗತ್ಯ.

ಎರಡನೆಯದು ರಿಟರ್ನ್. ತನ್ನ ಅಥವಾ ಬೇರೆಯವರ ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ 2 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಿದವರು, ಆದಾಯ ತೆರಿಗೆ ಮಿತಿಗಿಂತ ಕಡಿಮೆಯಿದ್ದರೂ ರಿಟರ್ನ್ ಸಲ್ಲಿಸಬೇಕೆಂದು 2019ರಲ್ಲಿ ತಿದ್ದುಪಡಿಯಾಯಿತು. ಮಗನ ಟಿಕೆಟ್ಟಿನ ಹಣವನ್ನು ತಮ್ಮ ಖಾತೆಯಿಂದ ಕೊಟ್ಟ ವೃದ್ಧ ತಂದೆಗೂ ಇದು ಅನ್ವಯಿಸುತ್ತದೆ.

ಮೂರನೆಯದು ದೊಡ್ಡ ಆಕರ್ಷಣೆ: ಪ್ರವಾಸದ ಖರ್ಚನ್ನು ಸಂಸ್ಥೆಯ ಲೆಕ್ಕಕ್ಕೆ ಬರೆಯುವುದು. ಬಯಾನ್ ಲೆಪಾಸ್ ನೋಡಿದೆವು, ಬಂದರು ನೋಡಿದೆವು, ಆದ್ದರಿಂದ ಇದು ವ್ಯಾಪಾರದ ಖರ್ಚು ಎಂಬ ವಾದ ನಿಲ್ಲುವುದಿಲ್ಲ. ಖರ್ಚು ಸಂಪೂರ್ಣವಾಗಿ ಮತ್ತು ಕೇವಲ ವ್ಯವಹಾರದ ಉದ್ದೇಶಕ್ಕೇ ಆಗಿರಬೇಕು ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ 37(1)ನೆಯ ಕಲಮು ಹೇಳಿದ ತತ್ವ. 2025ರ ಹೊಸ ಕಾಯ್ದೆಯೂ ಅದನ್ನು ಕೈಬಿಟ್ಟಿಲ್ಲ. ಪ್ರವಾಸ ಸ್ವಂತದ್ದು, ಅದನ್ನು ಡ್ರಾಯಿಂಗ್ಸ್ ಖಾತೆಗೆ ಬರೆಯುವುದೇ ಸರಿ. ನಡುವೆ ಎರಡು ದಿನ ಗ್ರಾಹಕರೊಬ್ಬರನ್ನು ಭೇಟಿಯಾಗುವುದಿದ್ದರೆ, ಪತ್ರವ್ಯವಹಾರ ಮತ್ತು ರಸೀದಿಗಳೊಡನೆ ಅಷ್ಟರ ಮಟ್ಟಿನ ಖರ್ಚನ್ನು ಪ್ರತ್ಯೇಕವಾಗಿ ಇಡಬೇಕು. ನಲವತ್ತು ದಿನಗಳ ಸಂತೋಷವನ್ನು ಕಂಪನಿಯ ವೋಚರಿನಲ್ಲಿ ಅಡಗಿಸಲು ಹೋದವರು ಆ ಸಂತೋಷಕ್ಕೆ ಪರಿಶೀಲನೆಯ ಸಮಯದಲ್ಲಿ ಇನ್ನೊಮ್ಮೆ ಬೆಲೆ ಕಟ್ಟಬೇಕಾಗುತ್ತದೆ.

ಗೆಳೆತನದ ದಿನವಹಿ

ಸಾಮಾನ್ಯ ಖರ್ಚಿನ ಲೆಕ್ಕದಲ್ಲಿ ಮುರಿದುಬಿದ್ದ ಗೆಳೆತನಗಳು ಕಡಿಮೆಯೇನಲ್ಲ. ನಮ್ಮವರಲ್ಲಿ ಲೆಕ್ಕ ಕೇಳುವುದು ಸಣ್ಣತನವೆಂಬ ಸಂಕೋಚವಿದೆ. ಕೇಳದೆ ಮನಸ್ಸಿನಲ್ಲಿಟ್ಟುಕೊಳ್ಳುವುದು ಇನ್ನೂ ಅಪಾಯಕಾರಿ. ಪ್ರತಿ ವಾರಕ್ಕೊಬ್ಬರು ಖಜಾಂಚಿ, ಎಲ್ಲರಿಂದ ಸಮಪಾಲು ಮುಂಗಡ, ಅಂದಿನ ಖರ್ಚು ಅಂದೇ ರಾತ್ರಿ ಒಂದು ಪುಸ್ತಕಕ್ಕೆ, ವಾರಾಂತ್ಯದಲ್ಲಿ ಇತ್ಯರ್ಥ. ಸ್ವಂತ ಖರೀದಿ ಸಾಮಾನ್ಯ ಹಣದಿಂದ ಕೂಡದು.

ವಿನಿಮಯ ದರದಲ್ಲಿಯೂ ಮುಂಚೆಯೇ ಒಪ್ಪಂದವಿರಬೇಕು. 2024ರಲ್ಲಿ ಒಂದು ರೂಪಾಯಿಗೆ ಸುಮಾರು 300 ವಿಯೆಟ್ನಾಂ ಡಾಂಗ್ ದೊರೆಯುತ್ತಿತ್ತು. ಆ ದರದಲ್ಲಿ 6,00,000 ಡಾಂಗಿನ ಊಟದ ಬಿಲ್ಲೆಂದರೆ 2,000 ರೂಪಾಯಿ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟವರಿಗೆ ಬ್ಯಾಂಕಿನ ಶುಲ್ಕ ಸೇರಿ ಅದು ಇನ್ನಷ್ಟಾಗುತ್ತದೆ. ಹಣವನ್ನು ನಿಜವಾಗಿ ಕೊಂಡ ಸರಾಸರಿ ದರವೇ ಎಲ್ಲರಿಗೂ ಅನ್ವಯ ಎಂದು ಹೊರಡುವ ಮುನ್ನವೇ ಬರೆದುಕೊಂಡರೆ ವಾದಕ್ಕೆ ಎಡೆಯಿಲ್ಲ. ಅಂಗಡಿಯವರು ಕಾರ್ಡ್ ಯಂತ್ರದಲ್ಲಿ ರೂಪಾಯಿಯೋ ಸ್ಥಳೀಯ ಹಣವೋ ಎಂದು ಕೇಳಿದರೆ ಸ್ಥಳೀಯ ಹಣವನ್ನೇ ಆರಿಸಬೇಕು; ರೂಪಾಯಿ ಆರಿಸಿದರೆ ದರ ಸಾಮಾನ್ಯವಾಗಿ ದುಬಾರಿ. ಇನ್ನೊಂದು ಎಚ್ಚರಿಕೆ: ಅಲ್ಲಿ 20,000 ಡಾಂಗಿನ ನೋಟೂ ನೀಲಿ, 5,00,000 ಡಾಂಗಿನ ನೋಟೂ ನೀಲಿ. ಮಬ್ಬು ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಇಪ್ಪತ್ತೈದು ಪಟ್ಟು ನಷ್ಟ.

ಹಿಂದಿರುಗಿದ ಮೇಲೆ ಉಳಿದ ವಿದೇಶಿ ಹಣವನ್ನು 180 ದಿನಗಳೊಳಗೆ ಬ್ಯಾಂಕಿಗೋ ಅಧಿಕೃತ ವಿನಿಮಯದಾರರಿಗೋ ಒಪ್ಪಿಸಬೇಕು. 2,000 ಡಾಲರಿನವರೆಗೆ ಇಟ್ಟುಕೊಳ್ಳಲು ಅವಕಾಶವಿದೆ. ಉಳಿದದ್ದನ್ನು ನಾಲ್ವರಿಗೂ ಹಂಚಿ, ಪುಸ್ತಕಕ್ಕೆ ಎಲ್ಲರ ಸಹಿ ಬಿದ್ದ ಮೇಲೆಯೇ ಪ್ರವಾಸ ಮುಗಿದಂತೆ.

ಯಜಮಾನನಿಲ್ಲದ ಶೆಡ್

ಇಷ್ಟೆಲ್ಲ ಹೊರಗಿನ ಸಿದ್ಧತೆ. ಒಳಗಿನ ಸಿದ್ಧತೆ ಇದಕ್ಕಿಂತ ಕಠಿಣ. ಸಮೇತನಹಳ್ಳಿಯ ಆ ಲೇತ್ ಶೆಡ್ಡಿನ ಯಜಮಾನರು ಹದಿನೆಂಟು ವರ್ಷಗಳಿಂದ ಮೂರು ದಿನಕ್ಕಿಂತ ಹೆಚ್ಚು ಷಟರಿನಿಂದ ದೂರವಿದ್ದವರಲ್ಲ ಎಂದಿಟ್ಟುಕೊಳ್ಳೋಣ. ಕೊಟೇಷನ್ ಅವರ ತಲೆಯಲ್ಲಿದೆ, ಸಾಲ ಕೊಟ್ಟವರ ಪಟ್ಟಿ ಅವರ ಜೇಬಿನಲ್ಲಿದೆ, ಬ್ಯಾಂಕಿನ ಒಟಿಪಿ ಅವರ ಮೊಬೈಲಿಗೆ ಬರುತ್ತದೆ. ಅವರು ಇದನ್ನು ಜವಾಬ್ದಾರಿ ಎನ್ನುತ್ತಾರೆ. ಲೆಕ್ಕ ನೋಡುವವರ ದೃಷ್ಟಿಯಲ್ಲಿ ಇದು ಸಂಸ್ಥೆಯ ಅತಿ ದೊಡ್ಡ ಅಪಾಯ. ಪ್ರವಾಸಕ್ಕಾಗಿ ನಲವತ್ತು ದಿನ ಬಿಡಲಾಗದವರು ಆಸ್ಪತ್ರೆಗೆ ಸೇರಿದಾಗ ಏನು ಮಾಡುವರು? ಪ್ರವಾಸದ ದಿನಾಂಕವನ್ನು ತಾವು ಆರಿಸಬಹುದು, ಕಾಯಿಲೆಯ ದಿನಾಂಕವನ್ನಲ್ಲ.

ನಲವತ್ತು ದಿನಗಳಲ್ಲಿ ಶಾಸನಬದ್ಧ ದಿನಾಂಕಗಳೆಲ್ಲ ಒಮ್ಮೆಯಾದರೂ ಬಂದು ಹೋಗುತ್ತವೆ. 7ಕ್ಕೆ ಟಿಡಿಎಸ್ ಪಾವತಿ, 11ಕ್ಕೆ ಮಾಸಿಕ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಮಾಸಿಕ ಜಿಎಸ್‌ಟಿಆರ್-3ಬಿ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಕೊಂಡ ಸರಕಿನ ಹಣವನ್ನು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ ಕೊಡಬೇಕು. ವರ್ಷಾಂತ್ಯದಲ್ಲಿ ಅಂತಹ ಅವಧಿ ಮೀರಿದ ಬಾಕಿ ಉಳಿದರೆ, ಹಣ ಕೊಡುವ ವರ್ಷದವರೆಗೆ ಆ ಖರ್ಚು ಆದಾಯ ತೆರಿಗೆಯ ಲೆಕ್ಕಕ್ಕೆ ಸೇರುವುದಿಲ್ಲವೆಂಬ ನಿಯಮ 2023–24ನೆಯ ಹಣಕಾಸು ವರ್ಷದಿಂದ ಅನ್ವಯವಾಯಿತು. ಫೆಬ್ರವರಿಯಲ್ಲಿ ಹೊರಟು ಮಾರ್ಚ್ ಕೊನೆಗೆ ಬರುವ ಯೋಜನೆ ಹಾಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಪರಿಹಾರಗಳು ಸರಳ. ಬ್ಯಾಂಕಿಗೆ ಎರಡನೆಯ ಸಹಿದಾರರನ್ನು ಗೊತ್ತುಪಡಿಸುವುದು ಒಂದು. ಖಾಲಿ ಚೆಕ್ಕುಗಳಿಗೆ ಸಹಿ ಹಾಕಿಟ್ಟು ಹೋಗುವುದು ಪರಿಹಾರವಲ್ಲ, ಆಹ್ವಾನಿಸಿದ ಆಪತ್ತು. ಡಿಜಿಟಲ್ ಸಹಿಯ ಟೋಕನ್ನನ್ನು ಗುಮಾಸ್ತರ ಮೇಜಿನಲ್ಲಿ ಬಿಡದೆ, ಅಧಿಕೃತವಾಗಿ ಇನ್ನೊಬ್ಬರನ್ನು ನೋಂದಾಯಿಸಬೇಕು. ಒಟಿಪಿ ಬರುವ ಮೊಬೈಲಿಗೆ ರೋಮಿಂಗ್ ಸೌಲಭ್ಯ ಹಾಕಿಸಿಕೊಂಡು ಹೊರಡಬೇಕು. ದರಪಟ್ಟಿ, ಸಾಲದ ಮಿತಿ, ರಿಯಾಯಿತಿಯ ಮಿತಿ ಇವು ಬರವಣಿಗೆಯಲ್ಲಿರಬೇಕು. ಮೊದಲು ಒಂದು ವಾರ ಮಂಗಳೂರು, ಕಾರವಾರದ ಕಡೆ ಹೋಗಿ ಫೋನ್ ಮಾಡದೆ ಇದ್ದು ನೋಡುವುದು ಒಳ್ಳೆಯದು. ಆ ವಾರ ಯಾವ ಪ್ರಶ್ನೆಗಳು ಉತ್ತರವಿಲ್ಲದೆ ನಿಂತವೋ ಅವೇ ಸಂಸ್ಥೆಯ ದೌರ್ಬಲ್ಯಗಳ ಪಟ್ಟಿ. ಯಾವ ಲೆಕ್ಕಪರಿಶೋಧನಾ ವರದಿಯೂ ಇಷ್ಟು ನಿಖರವಾಗಿ ಬರೆಯಲಾರದು.

ಹೀಗೆ ಸಿದ್ಧವಾದ ಮೇಲೆ ಹೊರಟವರು ನಲವತ್ತನೆಯ ದಿನ ಬೆಳಿಗ್ಗೆ ಚೀಲ ಇಳಿಸಿ ಶೆಡ್ಡಿಗೆ ಬಂದಾಗ, ಲೇತ್ ಎಂದಿನಂತೆ ತಿರುಗುತ್ತಿರಬಹುದು. ತಮ್ಮನೋ ಮಗಳೋ ಹಳೆಯ ಆಪರೇಟರೋ ಹೊಸ ಆರ್ಡರೊಂದನ್ನು ಒಪ್ಪಿಕೊಂಡೂ ಇರಬಹುದು. ತಾವಿಲ್ಲದೆಯೂ ನಡೆಯಿತೆಂದು ಒಂದು ಕ್ಷಣ ಮನಸ್ಸು ಚುರ್ ಎನ್ನುವುದು ಸಹಜ. ಆದರೆ ಅಂದಿನಿಂದ ಅದು ಒಬ್ಬ ವ್ಯಕ್ತಿಯ ದುಡಿಮೆಯಾಗಿ ಉಳಿಯದೆ ಒಂದು ಸಂಸ್ಥೆಯಾಗುತ್ತದೆ. ಬ್ಯಾಂಕಿನವರೂ ಮುಂದಿನ ಪೀಳಿಗೆಯವರೂ ಬೆಲೆ ಕೊಡುವುದು ಅಂತಹ ಸಂಸ್ಥೆಗೇ.

ವೈಟ್‌ಫೀಲ್ಡ್ ಡಿಪೋದಿಂದ ಹೊರಟ ಕಂಟೈನರು ಬರುವಾಗ ಖಾಲಿ ಬಂದರೆ ಬಾಡಿಗೆ ನಷ್ಟವೆಂಬುದನ್ನು ಪ್ರತಿ ರಫ್ತುದಾರರೂ ಬಲ್ಲರು. ಅದೇ ದಾರಿಯಲ್ಲಿ ಹೋಗಿಬರುವ ಯಜಮಾನರಿಗೂ ಈ ಮಾತು ಸಲ್ಲುತ್ತದೆ. ತುಂಬಿಸಿ ತರಲು ಸಾಮಾನು ಬೇಕಿಲ್ಲ. ಪಿನಾಂಗಿನ ಒಂದು ವರ್ಕ್‌ಶಾಪು, ಹೋಯಿ ಆನ್‌ನ ಒಂದು ದರ್ಜಿ ಅಂಗಡಿ, ಚೊಕ್ಕವಾಗಿ ಮುಗಿದ ಒಂದು ಲೆಕ್ಕದ ಪುಸ್ತಕ, ಮಾತು ಬಿಡದೆ ಹಿಂದಿರುಗಿದ ಮೂವರು ಗೆಳೆಯರು ಇದ್ದರೆ ಸಾಕು.